ಬ್ಯಾರೆ ಒಲಿ ಹೂಡಿದ ಮೊದಲ ಜೋಡಿ

ರೋಣ, ನರಗುಂದ, ಗಜೇಂದ್ರಗಡದ ಕಡೆ ಒಂದು ಮಾತಿದೆ. ಮದುವೆಯಾದ ಮಗ ಹಿರಿಯರಿಂದ ಬೇರೆಯಾಗಿ ಸಂಸಾರ ಹೂಡಿದರೆ ಓಣಿಯ ಜನ ‘ಅಂವ ಬ್ಯಾರೆ ಒಲಿ ಹೂಡ್ಯಾನ’ ಎನ್ನುತ್ತಾರೆ. ಮನೆ ಬೇರೆಯಾಗಬೇಕೆಂದೇನೂ ಇಲ್ಲ. ಅದೇ ಪಡಸಾಲೆಯ ನಡುವೆ ಒಂದು ಗೋಡೆಯೆತ್ತಿ, ಗೋಡೆಯ ಆಚೆ ಇನ್ನೊಂದು ಒಲೆ ಹೊತ್ತಿದರೂ ಸಾಕು. ಒಲೆ ಬೇರೆಯಾದ ದಿನದಿಂದ ಲೆಕ್ಕವೂ ಬೇರೆ. ಚೀಲ ಜೋಳ ಎಲ್ಲಿಂದ ಬರಬೇಕು, ಅಂಗಡಿಯ ಉದ್ರಿ ಯಾರ ಹೆಸರಿಗೆ ಬರೆಯಬೇಕು, ಹಬ್ಬಕ್ಕೆ ಹೆಂಡತಿಗೆ ಸೀರೆ ತರುವವರು ಯಾರು? ಅಲ್ಲಿಯವರೆಗೆ ಅಜ್ಜನೋ ಅಪ್ಪನೋ ಉತ್ತರಿಸುತ್ತಿದ್ದ ಪ್ರಶ್ನೆಗಳೆಲ್ಲ ಒಂದೇ ರಾತ್ರಿಯಲ್ಲಿ ಆ ಎಳೆಯ ಜೋಡಿಯ ತಲೆಗೆ ಬೀಳುತ್ತವೆ.

ಕನ್ನಡದ ಬೆಳ್ಳಿತೆರೆಯ ಮೇಲೆ ಹೀಗೆ ಮೊದಲು ಬೇರೆ ಒಲೆ ಹೂಡಿದ ಗಂಡ ಹೆಂಡಿರು ಸುಂದರ ಮತ್ತು ಸರಳಾ. ಚಿತ್ರದ ಹೆಸರು ‘ಸಂಸಾರ ನೌಕ’. ವರ್ಷ 1936. ಅಜ್ಜನ ಮಾತು ಮೀರಿ ಸುಂದರ ಸರಳಾಳ ಕೈಹಿಡಿಯುತ್ತಾನೆ. ಅಜ್ಜ ಮನೆಯ ಬಾಗಿಲು ತೋರಿಸುತ್ತಾನೆ. ಹೊರಬಿದ್ದ ಸುಂದರ ಇದ್ದ ಕೆಲಸವನ್ನೂ ಕಳೆದುಕೊಳ್ಳುತ್ತಾನೆ. ಹೊಸ ಸಂಸಾರಕ್ಕೆ ಬಡತನ ಕಾಲಿಡುತ್ತದೆ. ಮುಂದೆ ಕಥೆ ಆ ಕಾಲದ ರಂಗಭೂಮಿಗೆ ಪ್ರಿಯವಾಗಿದ್ದ ಏರಿಳಿತಗಳನ್ನು ಹಿಡಿದು ಸಾಗುತ್ತದೆ. ಆದರೆ ಅದರ ಬೇರು ಇರುವುದು ಈ ಸರಳ ಲೆಕ್ಕದಲ್ಲಿ. ಹಿರಿಯರ ಆಸ್ತಿಯ ಆಸರೆಯಿಲ್ಲದೆ ಎರಡು ಎಳೆಯ ಜೀವಗಳು ನಿಲ್ಲಬಲ್ಲವೆ?

‘ಸಂಸಾರ ನೌಕ’ವನ್ನು ಕನ್ನಡದ ಮೊದಲ ಸಾಮಾಜಿಕ ಚಿತ್ರವೆಂದು ಚಿತ್ರರಂಗದ ಚರಿತ್ರೆ ಗುರುತಿಸುತ್ತದೆ. ಆ ಬಿರುದನ್ನು ಎಲ್ಲರೂ ಹೇಳುತ್ತಾರೆ. ಪ್ರೇಮದ ಕಥೆಯೊಳಕ್ಕೆ ಮನೆಖರ್ಚನ್ನು ತಂದು ಕೂರಿಸಿದ ಮೊದಲ ಕನ್ನಡ ಚಿತ್ರವೂ ಅದೇ ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ದೇವಲೋಕದಿಂದ ಅಡುಗೆಮನೆಗೆ

ಕನ್ನಡ ವಾಕ್ಚಿತ್ರಕ್ಕೆ ಆಗ ವಯಸ್ಸು ಎರಡೇ ವರ್ಷ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ‘ಸತಿ ಸುಲೋಚನ’ ತೆರೆಕಂಡಿತು. ಅದರ ಚಿತ್ರೀಕರಣ ನಡೆದದ್ದು ಕೊಲ್ಲಾಪುರದಲ್ಲಿ. ಆರ್. ನಾಗೇಂದ್ರರಾಯರು ರಾವಣ, ಎಂ.ವಿ. ಸುಬ್ಬಯ್ಯ ನಾಯ್ಡು ಇಂದ್ರಜಿತು. ಅದೇ ವರ್ಷ ‘ಭಕ್ತ ಧ್ರುವ’ ಬಂತು. 1935ರಲ್ಲಿ ಕಂಪನಿ ನಾಟಕಗಳಿಂದ ಮನೆಮಾತಾಗಿದ್ದ ‘ಸದಾರಮೆ’ ಬಂತು. ಕಥೆ ಗೊತ್ತಿದ್ದರೆ ಜನ ಬರುತ್ತಾರೆ, ಜನ ಬಂದರೆ ಹಾಕಿದ ಬಂಡವಾಳ ಹುಟ್ಟುತ್ತದೆ ಎಂಬುದು ಆ ಕಾಲದ ನಿರ್ಮಾಪಕರ ಎಣಿಕೆ. ಪುರಾಣದ ಪಾತ್ರಗಳಿಗೆ ವನವಾಸವಿದೆ, ಶಾಪವಿದೆ, ವಿರಹವಿದೆ. ಆದರೆ ತಿಂಗಳ ಕೊನೆ ಎಂಬುದಿಲ್ಲ. ನಳ ದಮಯಂತಿಯರೂ ರಾಜ್ಯ ಕಳೆದುಕೊಂಡು ಉಟ್ಟ ಬಟ್ಟೆಯಲ್ಲಿ ಅಡವಿ ಸೇರಿದವರೇ. ಅಲ್ಲಿ ಕಾರಣ ಕಲಿಪುರುಷ. ಕಲಿ ಬಿಟ್ಟರೆ ರಾಜ್ಯ ಮರಳುತ್ತದೆ.

ಸುಂದರನಿಗೆ ಅಂಥ ಕಲಿ ಯಾರೂ ಇಲ್ಲ. ಅವನ ಎದುರಾಳಿ ಮನೆಯ ಹಿರಿಯ, ಬೇಕಾದದ್ದು ಒಂದು ನೌಕರಿ. ಇಂಥ ಕಥೆಯನ್ನು ತೆರೆಗೆ ತರುವ ಧೈರ್ಯ ಬಂದದ್ದು ಅದು ರಂಗದ ಮೇಲೆ ಆಗಲೇ ಗೆದ್ದಿದ್ದರಿಂದ. ಪ್ರಸಿದ್ಧ ನಟ ಮಹಮದ್ ಪೀರ್ ಅವರ ಚಂದ್ರಕಲಾ ನಾಟಕ ಮಂಡಳಿಗಾಗಿ ಎಚ್.ಎಲ್.ಎನ್. ಸಿಂಹ ಅವರು ಬರೆದ ನಾಟಕವಿದು. ಅದನ್ನು ದೇವಿ ಫಿಲ್ಮ್ಸ್ ಚಿತ್ರವಾಗಿಸಿತು. ಸಿಂಹ ಅವರೇ ನಿರ್ದೇಶಿಸಿದರು. ಮುಂದೆ 1954ರಲ್ಲಿ ‘ಬೇಡರ ಕಣ್ಣಪ್ಪ’ದ ಮೂಲಕ ರಾಜಕುಮಾರ್ ಅವರನ್ನು ನಾಯಕನನ್ನಾಗಿಸಿ ಕನ್ನಡಿಗರಿಗೆ ಪರಿಚಯಿಸಿದವರೂ ಇದೇ ಸಿಂಹ.

ಸುಂದರನಾಗಿ ಕಾಣಿಸಿಕೊಂಡವರು ಬಿ.ಆರ್. ಪಂತುಲು. ಸರಳಾ ಆದವರು ಎಂ.ವಿ. ರಾಜಮ್ಮ, ಆಗಿನ್ನೂ ಹದಿಹರೆಯದ ಹುಡುಗಿ. ಇಬ್ಬರಿಗೂ ಅದೇ ಮೊದಲ ಚಿತ್ರ. ಡಿಕ್ಕಿ ಮಾಧವರಾವ್, ಹುಣಸೂರು ಕೃಷ್ಣಮೂರ್ತಿ ಅವರೂ ತಾರಾಗಣದಲ್ಲಿದ್ದರು. ಪಂತುಲು ರಂಗಭೂಮಿಗೆ ಬರುವ ಮುನ್ನ ಶಾಲೆಯಲ್ಲಿ ಮಾಸ್ತರಿಕೆ ಮಾಡಿದವರು. ಈ ವಿವರವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ಕೆಲಸಕ್ಕೆ ಬರುತ್ತದೆ.

ಹೆಸರಿನಲ್ಲೇ ಒಂದು ತಿರುವು

ಚಿತ್ರದ ಹೆಸರೂ ಆಲೋಚನೆಗೆ ಹಚ್ಚುವಂಥದ್ದು. ಸಂಸಾರವೆಂಬುದು ಸಾಗರ, ಅದನ್ನು ದಾಟಿಸುವ ಅಂಬಿಗ ಭಗವಂತ. ಇದು ಶರಣರ ವಚನಗಳಲ್ಲಿ, ದಾಸರ ಪದಗಳಲ್ಲಿ, ಊರ ಭಜನೆಗಳಲ್ಲಿ ಕನ್ನಡಿಗರು ತಲೆಮಾರುಗಳಿಂದ ಕೇಳಿದ ಮಾತು. ಅಲ್ಲಿ ಸಂಸಾರವೆಂದರೆ ಹುಟ್ಟು ಸಾವುಗಳ ಬಂಧನ. ಪಾರಾಗಬೇಕಾದದ್ದು ಅದರಿಂದಲೇ.

1936ರ ಹೆಸರಿನಲ್ಲಿ ಸಂಸಾರ ಸಾಗರವಾಗಿ ಉಳಿಯಲಿಲ್ಲ, ದೋಣಿಯೇ ಆಯಿತು. ಗಂಡ ಹೆಂಡತಿ ಅದರೊಳಗೆ ಕುಳಿತವರು. ಮುಳುಗಿದರೆ ಇಬ್ಬರೂ ಮುಳುಗಬೇಕು. ಸಂಸಾರದಿಂದ ಪಾರಾಗುವ ಮಾತು ಹಿಂದೆ ಸರಿದು, ಸಂಸಾರವನ್ನು ದಡ ಮುಟ್ಟಿಸುವ ಮಾತು ಮುಂದೆ ಬಂತು. ‘ಅವನಿಗೆ ಸಂಸಾರ ಇದೆ’ ಎಂದರೆ ಹೆಂಡತಿ ಮಕ್ಕಳಿದ್ದಾರೆ, ಖರ್ಚಿದೆ ಎಂದು ನಾವು ತಿಳಿಯುತ್ತೇವಲ್ಲ, ಆ ಮಾತಿನ ಅರ್ಥವೇ ಇಲ್ಲಿ ಒಂದು ಚಿತ್ರದ ಹೆಸರಾಗಿ ಬೆಳ್ಳಿತೆರೆ ಏರಿತು.

ಆ ವರ್ಷಗಳ ಲೆಕ್ಕ

ಇಂಥ ಕಥೆ ಆ ಹೊತ್ತಿಗೇ ಏಕೆ ಬಂತು? 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿದ ನಂತರ ಜಗತ್ತಿನ ತುಂಬ ಬೆಲೆಗಳು ನೆಲಕಚ್ಚಿದವು. ಹತ್ತಿ, ಗೋಧಿ, ಎಣ್ಣೆಕಾಳು ಬೆಳೆದವನಿಗೆ ದುಡ್ಡು ಬರಲಿಲ್ಲ. ಪಟ್ಟಣದಲ್ಲಿ ಓದಿದವನಿಗೆ ಕೆಲಸ ಸಿಗಲಿಲ್ಲ. ಗುಮಾಸ್ತಿಕೆಯ ಒಂದು ಜಾಗಕ್ಕೆ ಹತ್ತಾರು ಅರ್ಜಿ ಬೀಳುತ್ತಿದ್ದ ಕಾಲ. ನೌಕರಿ ಹೋಯಿತು ಎಂಬ ಮಾತನ್ನು ಪ್ರೇಕ್ಷಕರಿಗೆ ವಿವರಿಸಬೇಕಾದ ಅಗತ್ಯ ಇರಲಿಲ್ಲ.

ಇದೇ ಕಥೆ ಆಗ ಬೇರೆ ದೇಶಗಳಲ್ಲೂ ಹುಟ್ಟಿತ್ತು. ಅಮೆರಿಕದ ಕಿಂಗ್ ವಿಡರ್ 1928ರಲ್ಲಿ ‘ದಿ ಕ್ರೌಡ್’ ಎಂಬ ಮೂಕಚಿತ್ರ ತೆಗೆದರು. ನ್ಯೂಯಾರ್ಕಿನ ದೊಡ್ಡ ಕಚೇರಿಯಲ್ಲಿ ಸಾಲುಸಾಲು ಮೇಜುಗಳ ನಡುವೆ ಕುಳಿತ ಒಬ್ಬ ಸಣ್ಣ ಗುಮಾಸ್ತ ಮತ್ತು ಅವನ ಹೊಸ ಹೆಂಡತಿಯ ಕಥೆ ಅದು. ಜರ್ಮನಿಯ ಹಾನ್ಸ್ ಫಲ್ಲಾಡಾ 1932ರಲ್ಲಿ ಬರೆದ ಕಾದಂಬರಿ ಅಂಗಡಿಯಲ್ಲಿ ದುಡಿಯುವ ಯುವಕನೊಬ್ಬನ ಹೊಸ ಸಂಸಾರದ್ದು. ‘ಲಿಟಲ್ ಮ್ಯಾನ್, ವಾಟ್ ನೌ?’ ಎಂಬ ಹೆಸರಿನಲ್ಲಿ 1934ರಲ್ಲಿ ಅದು ಹಾಲಿವುಡ್ ಚಿತ್ರವಾಯಿತು. ಆ ಜೋಡಿಗಳಿಗೂ ಸುಂದರ ಸರಳೆಯರಿಗೂ ಒಂದು ವ್ಯತ್ಯಾಸವಿದೆ. ಅಲ್ಲಿ ಜೋಡಿಯನ್ನು ಹೆದರಿಸುವುದು ಮಾಲೀಕ ಮತ್ತು ಮಾರುಕಟ್ಟೆ. ಇಲ್ಲಿ ಮೊದಲ ಪೆಟ್ಟು ಬೀಳುವುದು ಮನೆಯೊಳಗಿಂದ, ಅಜ್ಜನ ಕೈಯಿಂದ. ಕೆಲಸ ಹೋಗುವುದು ಎರಡನೆಯ ಪೆಟ್ಟು. ಕನ್ನಡದ ನವದಂಪತಿಗಳು ಎರಡು ಕಡೆಯ ಆಸರೆಯನ್ನೂ ಒಟ್ಟಿಗೇ ಕಳೆದುಕೊಂಡವರು.

1936ನೇ ಇಸವಿಗೆ ಇನ್ನೊಂದು ಮಹತ್ವವಿದೆ. ಬ್ರಿಟಿಷ್ ಭಾರತದಲ್ಲಿ ವೇತನ ಪಾವತಿ ಕಾಯ್ದೆ ಆದದ್ದು ಅದೇ ವರ್ಷ. ಕಾರ್ಖಾನೆ ಮತ್ತು ರೈಲ್ವೆಯ ಕೆಲಸಗಾರರಿಗೆ ತಿಂಗಳು ಮುಗಿದ ಏಳನೆಯ ದಿನದೊಳಗೆ, ಸಾವಿರಕ್ಕಿಂತ ಹೆಚ್ಚು ಜನರಿರುವ ಕಡೆ ಹತ್ತನೆಯ ದಿನದೊಳಗೆ ಸಂಬಳ ಕೊಡಬೇಕೆಂದು ಅದು ಹೇಳಿತು. ಸಂಬಳ ಯಾವ ದಿನ ಕೈಸೇರುತ್ತದೆ ಎಂಬುದು ಮನೆಯೊಂದರ ಅಳಿವು ಉಳಿವಿನ ಪ್ರಶ್ನೆ ಎಂದು ಸರಕಾರವೇ ಒಪ್ಪಿಕೊಂಡಂತಾಯಿತು. ಮದುವೆಯ ವಯಸ್ಸಿನ ಮೇಲೂ ಕಾನೂನು ಕಣ್ಣಿಟ್ಟ ಕಾಲ ಅದು. ಶಾರದಾ ಕಾಯ್ದೆ ಎಂದು ಹೆಸರಾದ 1929ರ ಬಾಲ್ಯವಿವಾಹ ನಿರ್ಬಂಧ ಕಾಯ್ದೆ ಹುಡುಗಿಗೆ 14, ಹುಡುಗನಿಗೆ 18 ವರ್ಷವೆಂದು ಗೆರೆ ಎಳೆದು 1930ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿತ್ತು. ಮದುವೆ ಯಾರ ನಿರ್ಧಾರ, ಸಂಸಾರ ಯಾರ ದುಡಿಮೆ ಎಂಬ ಎರಡೂ ಪ್ರಶ್ನೆಗಳು ಒಟ್ಟಿಗೇ ಎದ್ದಿದ್ದವು. ಸಿಂಹ ಅವರ ನಾಟಕ ಅವೆರಡನ್ನೂ ಒಂದೇ ಮನೆಯೊಳಗೆ ತಂದಿತು.

ಎರಿ ಹೊಲದ ಮನೆಗಳಲ್ಲಿ

ಆ ವರ್ಷಗಳಲ್ಲಿ ರೋಣ, ನರಗುಂದ, ಗಜೇಂದ್ರಗಡ ಮೈಸೂರು ಸಂಸ್ಥಾನಕ್ಕೆ ಸೇರಿರಲಿಲ್ಲ. ಧಾರವಾಡ ಜಿಲ್ಲೆಯ ಭಾಗವಾಗಿ ಮುಂಬಯಿ ಪ್ರಾಂತದಲ್ಲಿದ್ದವು. ಮೈಸೂರಿನ ಗುಮಾಸ್ತನಿಗೂ ನರಗುಂದದ ರೈತನಿಗೂ ಸರಕಾರ ಬೇರೆ, ಕಾನೂನು ಬೇರೆ. ದುಡ್ಡು ಮನೆಗೆ ಬರುವ ರೀತಿಯೂ ಬೇರೆ. ಎರಿ ಹೊಲದ ರೈತನಿಗೆ ತಿಂಗಳೆಂಬುದು ಲೆಕ್ಕಕ್ಕಿಲ್ಲ. ಹಿಂಗಾರಿ ಜೋಳ ರಾಶಿಯಾದಾಗ, ಹತ್ತಿ ಗದಗ ಪೇಟೆ ಸೇರಿದಾಗ ಒಮ್ಮೆಗೇ ಕೈಗೆ ಬರುವ ದುಡ್ಡು ಅವನದು. ಉಳಿದ ದಿನಗಳೆಲ್ಲ ಉದ್ರಿಯ ಮೇಲೆ ಸಾಗಬೇಕು. ಮಳೆ ಕೈಕೊಟ್ಟರೆ ಉದ್ರಿಯೇ ಸಾಲವಾಗುತ್ತದೆ. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಲೆಕ್ಕ ಇನ್ನೂ ಬೇರೆ. ನೂಲು ಮಾಲೀಕನದು, ಮಗ್ಗಕ್ಕೆ ಕುಳಿತವನಿಗೆ ಸೀರೆಗಿಷ್ಟು ಎಂದು ಮಜೂರಿ. ಗಂಡ ನೇಯುತ್ತಿದ್ದರೆ ಹೆಂಡತಿ ಕಂಡಿಕೆ ಸುತ್ತಬೇಕು. ಅಲ್ಲಿ ಮದುವೆಯೆಂದರೆ ಮಗ್ಗಕ್ಕೆ ಇನ್ನೆರಡು ಕೈ ಸೇರಿದಂತೆ. ಬಾಳಿಕೆಗೆ ಹೆಸರಾದ ಪಟ್ಟೇದಂಚು ಸೀರೆ ಇಂಥ ಜೋಡಿಗಳ ಕೈಯಿಂದ ಬಂದದ್ದು.

ಇಂಥ ಮನೆಗಳಲ್ಲಿ ಬೇರೆ ಒಲೆ ಹೂಡುವುದು ಸುಂದರನಿಗಿಂತಲೂ ಕಷ್ಟದ ಕೆಲಸ. ಹೊಲ ಒಂದೇ ಇದೆ, ಎತ್ತು ಒಂದೇ ಜೋಡಿ ಇದೆ, ಮಗ್ಗ ಒಂದೇ ಇದೆ. ಹಂಚಿಕೊಂಡರೆ ಇಬ್ಬರಿಗೂ ಸಾಲದು. ಆದ್ದರಿಂದ ಹಿರಿಯರ ಸಿಟ್ಟಿನ ಹಿಂದೆ ಬರೀ ಹಟವಿತ್ತು ಎನ್ನುವಂತಿಲ್ಲ. ಒಬ್ಬ ಮಗ ಹೊರಬಿದ್ದರೆ ಉಳಿದವರ ದುಡಿಮೆಯ ಲೆಕ್ಕವೇ ತಪ್ಪುತ್ತಿತ್ತು. ನಾಟಕದ ಅಜ್ಜ ಜನರಿಗೆ ಖಳನಾಗಿ ಕಂಡಷ್ಟೇ ತಮ್ಮ ಮನೆಯ ಅಜ್ಜನಾಗಿಯೂ ಕಂಡಿರಬೇಕು.

ಈ ಸೀಮೆಗೆ ಸಂಸಾರದ ಕಥೆಗಳು ಬಂದದ್ದು ಹೆಚ್ಚಾಗಿ ಕಂಪನಿ ನಾಟಕಗಳ ದಾರಿಯಿಂದ. ರೋಣಕ್ಕೆ ಹತ್ತಿರದ ಬಾದಾಮಿಯ ಬನಶಂಕರಿ ಜಾತ್ರೆ ನಾಟಕ ಕಂಪನಿಗಳಿಗೆ ಹೆಸರಾದದ್ದು. ಬನದ ಹುಣ್ಣಿಮೆಯ ಹೊತ್ತಿಗೆ ಅಲ್ಲಿ ತಂಬುಗಳು ಸಾಲಾಗಿ ಏಳುತ್ತವೆ. ಸುತ್ತಲಿನ ಹಳ್ಳಿಗಳ ಜನ ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗಿ ರಾತ್ರಿಯಿಡೀ ನಾಟಕ ನೋಡಿ ಬಂದವರು. ಸಾಲ ಕೊಟ್ಟ ಸಾಹುಕಾರ, ಸಿಡುಕಿನ ಅತ್ತೆ, ದುಡಿದು ಸೋತ ಗಂಡ, ತಾಳಿ ಹಿಡಿದು ನಿಂತ ಹೆಂಡತಿ ಆ ರಂಗದ ಕಾಯಂ ಪಾತ್ರಗಳು. ಗಜೇಂದ್ರಗಡಕ್ಕೆ ದೂರವಲ್ಲದ ಹುನಗುಂದ ಸೀಮೆಯ ನಾಟಕಕಾರ ಪಿ.ಬಿ. ಧುತ್ತರಗಿ ಅವರ ‘ಸಂಪತ್ತಿಗೆ ಸವಾಲ್’ ಈ ಪರಂಪರೆಯದೇ. ದುಡ್ಡಿನ ಸೊಕ್ಕಿಗೆ ಎದುರುನಿಲ್ಲುವ ಆ ನಾಟಕ 1974ರಲ್ಲಿ ರಾಜಕುಮಾರ್ ಅವರ ಚಿತ್ರವಾಗಿ ನಾಡಿಗೆಲ್ಲ ತಲುಪಿತು. ರಂಗದಿಂದ ತೆರೆಗೆ ಹೋಗುವ ಆ ದಾರಿಯನ್ನು ಸಾಮಾಜಿಕ ಕಥೆಗಳಿಗೆ 38 ವರ್ಷಗಳ ಹಿಂದೆಯೇ ತೆರೆದಿಟ್ಟದ್ದು ‘ಸಂಸಾರ ನೌಕ’.

ಒಂದನೇ ತಾರೀಖು

ಮತ್ತೆ ಆ ಜೋಡಿಯ ಕಡೆ ತಿರುಗೋಣ. ಪಂತುಲು ಮುಂದೆ ಮದರಾಸಿನಲ್ಲಿ ನೆಲೆನಿಂತು ಪದ್ಮಿನಿ ಪಿಕ್ಚರ್ಸ್ ಎಂಬ ಸ್ವಂತ ಸಂಸ್ಥೆ ಕಟ್ಟಿದರು. ‘ಕಿತ್ತೂರು ಚೆನ್ನಮ್ಮ’ (1961), ‘ಶ್ರೀಕೃಷ್ಣದೇವರಾಯ’ (1970) ಚಿತ್ರಗಳ ಭವ್ಯತೆಯಿಂದಾಗಿ ಜನ ಅವರನ್ನು ಇಂದಿಗೂ ನೆನೆಯುತ್ತಾರೆ. ಆದರೆ ಅವರ ಸಂಸ್ಥೆಯ ಆರಂಭದ ಹೆಜ್ಜೆಗಳು ಅರಮನೆಯ ಕಡೆಗಿರಲಿಲ್ಲ. 1955ರ ಒಂದು ಚಿತ್ರದ ಹೆಸರು ‘ಮೊದಲ ತೇದಿ’. ಅಂದರೆ ಸಂಬಳದ ದಿನ. ಕನ್ನಡ ಮತ್ತು ತಮಿಳಿನಲ್ಲಿ ಬಂದ ಅದರ ಮೂಲ 1954ರ ಹಿಂದಿ ಚಿತ್ರ ‘ಪಹಲೀ ತಾರೀಖ್’. ಒಂದನೇ ತಾರೀಖಿನ ಸಂಭ್ರಮವನ್ನು ಕುರಿತು ಕಿಶೋರ್ ಕುಮಾರ್ ಹಾಡಿದ ಆ ಹಿಂದಿ ಚಿತ್ರದ ಗೀತೆಯನ್ನು ರೇಡಿಯೋ ಸಿಲೋನ್ ಪ್ರತಿ ತಿಂಗಳ ಮೊದಲ ದಿನ ಬಿತ್ತರಿಸುತ್ತಿತ್ತು. ಸಂಬಳದ ದಿನಕ್ಕೇ ಒಂದು ಹಾಡು ಮೀಸಲಾಗುವಷ್ಟು ತಿಂಗಳ ಲೆಕ್ಕ ಜನಜೀವನದೊಳಗೆ ಇಳಿದಿತ್ತು.

ಮೂರು ವರ್ಷಗಳ ನಂತರ, 1958ರಲ್ಲಿ, ಪಂತುಲು ನಿರ್ಮಿಸಿ ನಿರ್ದೇಶಿಸಿದ ‘ಸ್ಕೂಲ್ ಮಾಸ್ಟರ್’ ಬಂತು. ಮಾಸ್ತರರ ಪಾತ್ರ ಅವರದೇ. ಒಂದು ಕಾಲದಲ್ಲಿ ಶಾಲೆಯಲ್ಲಿ ಪಾಠ ಹೇಳಿದ್ದ ಮನುಷ್ಯ ತೆರೆಯ ಮೇಲೆ ಮತ್ತೆ ಕೈಗೆ ಸೀಮೆಸುಣ್ಣ ಹಿಡಿದಿದ್ದರು. ಹೆಂಡತಿಯ ಪಾತ್ರದಲ್ಲಿ ಎಂ.ವಿ. ರಾಜಮ್ಮ. ಸುಂದರ ಸರಳೆಯರೇ 22 ವರ್ಷ ಕಳೆದು, ತಲೆ ನರೆತು ಪ್ರೇಕ್ಷಕರ ಮುಂದೆ ಮರಳಿ ಬಂದಂತಿತ್ತು.

ಈ ಬಾರಿ ಕಥೆ ತಲೆಕೆಳಗಾಗಿದೆ. ಮಾಸ್ತರರು ಪ್ರಾಮಾಣಿಕ ದುಡಿಮೆಯಿಂದ ಮಕ್ಕಳನ್ನು ಓದಿಸಿ ದೊಡ್ಡವರನ್ನಾಗಿ ಮಾಡುತ್ತಾರೆ. ಇದ್ದೊಂದು ಮನೆ ಕೈತಪ್ಪುತ್ತದೆ. ದುಡಿಮೆ ನಿಂತ ಮೇಲೆ ಮುದಿ ದಂಪತಿಗಳು ಮಕ್ಕಳ ಆಸರೆ ಹಿಡಿಯಬೇಕು. ಮಕ್ಕಳು ಆಸ್ತಿ ಪಾಲು ಮಾಡಿಕೊಂಡ ಹಾಗೆ ಹೆತ್ತವರನ್ನೂ ಪಾಲು ಮಾಡಿಕೊಳ್ಳುತ್ತಾರೆ. ಅಪ್ಪ ಒಬ್ಬ ಮಗನ ಮನೆಯಲ್ಲಿ, ಅವ್ವ ಇನ್ನೊಬ್ಬ ಮಗನ ಮನೆಯಲ್ಲಿ. ಕೊನೆಗೆ ಅವರ ಮನೆಯನ್ನು ಅವರಿಗೇ ಮರಳಿ ಕೊಡಿಸುವವನು ಮಗನಲ್ಲ, ಮಾಸ್ತರರ ಹಳೆಯ ಶಿಷ್ಯ. ಪೊಲೀಸ್ ಅಧಿಕಾರಿಯಾದ ಆ ಶಿಷ್ಯನ ಪಾತ್ರದಲ್ಲಿ ತಮಿಳಿನ ಶಿವಾಜಿ ಗಣೇಶನ್ ಬಂದುಹೋಗುತ್ತಾರೆ. ಚಿತ್ರ ಭಾರಿ ಯಶಸ್ಸು ಕಂಡಿತು, ಹಲವು ಭಾಷೆಗಳಿಗೆ ಹೋಯಿತು.

1936ರಲ್ಲಿ ಹಿರಿಯ ಕಿರಿಯರನ್ನು ಹೊರಹಾಕಿದ. 1958ರಲ್ಲಿ ಕಿರಿಯರು ಹಿರಿಯರನ್ನು ಒಬ್ಬರಿಂದ ಒಬ್ಬರನ್ನು ಅಗಲಿಸಿದರು. ಎರಡೂ ಸಲ ನೋವುಂಡ ಜೋಡಿ ಅದೇ. ನಡುವಿನ ಎರಡು ದಶಕಗಳಲ್ಲಿ ಮನೆಯ ಯಜಮಾನಿಕೆ ಆಸ್ತಿ ಇದ್ದವನ ಕೈಯಿಂದ ಸಂಬಳ ತರುವವನ ಕೈಗೆ ದಾಟಿತ್ತು. ಸುಂದರ ಬಯಸಿದ್ದೂ ಅದನ್ನೇ ಅಲ್ಲವೆ? ಅಜ್ಜನ ಹಂಗಿಲ್ಲದೆ ತನ್ನ ದುಡಿಮೆಯಿಂದ ಬದುಕುವುದು. ಆ ಬಯಕೆ ಈಡೇರಿತು. ದುಡಿಮೆ ನಿಂತವರ ಗತಿಯೇನು ಎಂಬ ಪ್ರಶ್ನೆ ಅದರ ಬೆನ್ನಿಗೇ ಬಂತು. ಎರಡು ಚಿತ್ರಗಳನ್ನು ಬೇರೆಬೇರೆಯಾಗಿ ನೋಡಿದರೆ ಒಂದು ಕಿರಿಯರ ಪರ, ಇನ್ನೊಂದು ಹಿರಿಯರ ಪರ. ಜೊತೆಗಿಟ್ಟು ನೋಡಿದರೆ ಒಂದೇ ಸಂಸಾರದ ಜಮಾ ಖರ್ಚಿನ ಎರಡು ಪುಟಗಳು.

ತೆರೆಯ ಹಿಂದಿನ ಸರಳಾ

ಈ ಲೆಕ್ಕದಲ್ಲಿ ಹೆಂಡತಿಯ ಪಾಲೇನು? ಆ ಕಾಲದ ಕಥೆಗಳಲ್ಲಿ ಆಕೆ ಸಹಿಸುವವಳು, ಗಂಡನ ದಾರಿ ಕಾಯುವವಳು. ತೆರೆಯ ಹಿಂದೆ ರಾಜಮ್ಮ ನಡೆದ ದಾರಿ ಬೇರೆ. ‘ಸಂಸಾರ ನೌಕ’ ಬಂದು ಏಳೇ ವರ್ಷಕ್ಕೆ, 1943ರಲ್ಲಿ, ವಿಜಯಾ ಫಿಲ್ಮ್ಸ್ ಹೆಸರಿನಲ್ಲಿ ಅವರು ‘ರಾಧಾ ರಮಣ’ ಚಿತ್ರ ತೆಗೆದರು. ಕನ್ನಡದ ಮೊದಲ ಮಹಿಳಾ ನಿರ್ಮಾಪಕಿ ಎಂಬ ಹೆಸರು ಅವರದು. ಬಂಡವಾಳ ಹೂಡಿ, ಕಲಾವಿದರಿಗೆ ಸಂಭಾವನೆ ಕೊಟ್ಟು, ಲಾಭ ನಷ್ಟ ಹೊರುವ ಕುರ್ಚಿ ಅದು. ದುಡ್ಡಿಲ್ಲದ ಸಂಸಾರದ ಸರಳಾ ಆಗಿ ಜನರ ಕಣ್ಣಲ್ಲಿ ನೀರು ತರಿಸಿದ ಹೆಣ್ಣುಮಗಳು ತನ್ನ ಲೆಕ್ಕದ ಪುಸ್ತಕವನ್ನು ತಾನೇ ಹಿಡಿದಳು. ಪಂತುಲು 1974ರಲ್ಲಿ ತೀರಿಕೊಂಡರು. ರಾಜಮ್ಮ 1999ರಲ್ಲಿ.

ದುಡ್ಡಿಗಾಗಿ ಒದ್ದಾಡುವ ಗಂಡ ಹೆಂಡಿರು ಆಮೇಲೂ ಕನ್ನಡ ತೆರೆಯನ್ನು ಬಿಡಲಿಲ್ಲ. 1982ರ ‘ಹಾಲು ಜೇನು’ ಚಿತ್ರದಲ್ಲಿ ರಾಜಕುಮಾರ್ ಅವರ ನಾಯಕ ಕಾಯಿಲೆಬಿದ್ದ ಹೆಂಡತಿಯ ಔಷಧೋಪಚಾರಕ್ಕೆ ಹಣ ಹೊಂದಿಸಲು ಹೆಣಗುತ್ತಾನೆ. ಬಂಗಾಳದಲ್ಲಿ ಸತ್ಯಜಿತ್ ರಾಯ್ ‘ಸ್ಕೂಲ್ ಮಾಸ್ಟರ್’ ಬಂದ ಮರುವರ್ಷವೇ, 1959ರಲ್ಲಿ, ‘ಅಪೂರ್ ಸಂಸಾರ್’ ತೆಗೆದರು. ಕಲ್ಕತ್ತೆಯ ಬಾಡಿಗೆ ಕೋಣೆಯಲ್ಲಿ ಬಾಳು ಹೂಡಿದ ಅಪು ಮತ್ತು ಅಪರ್ಣಾ ಜಗತ್ತಿಗೇ ಪರಿಚಿತರಾದರು. ಆ ಹೆಸರಿನಲ್ಲೂ ಇರುವುದು ಸಂಸಾರವೇ.

ಒಲೆ ಎಲ್ಲಿ, ಲೆಕ್ಕ ಎಲ್ಲಿ?

ರೋಣ ನರಗುಂದದ ಎರಿ ಹೊಲಗಳಲ್ಲೂ ಲೆಕ್ಕಗಳು ಬದಲಾಗಿವೆ. ನವಿಲುತೀರ್ಥದ ಅಣೆಕಟ್ಟೆಯಿಂದ ಮಲಪ್ರಭೆಯ ನೀರು ಕಾಲುವೆಗೆ ಹರಿಯಿತು. ನೀರಿನ ಜೊತೆ ಕರದ ನೋಟೀಸೂ ಬಂತು. ಅಭಿವೃದ್ಧಿ ಕರ ಕಟ್ಟಲಾಗದ ರೈತರ ಸಿಟ್ಟು 1980ರ ಜುಲೈ 21ರಂದು ನರಗುಂದದಲ್ಲಿ ಸ್ಫೋಟಿಸಿ, ಗೋಲಿಬಾರಿನಲ್ಲಿ ಪ್ರಾಣಗಳು ಹೋದವು. ಮನೆಯ ಜಮಾ ಖರ್ಚು ಬೀದಿಗೆ ಬಂದ ದಿನ ಅದು. ಕೈಮಗ್ಗಗಳ ಸಂಖ್ಯೆ ಇಳಿದಿದೆ. ಮಳೆ ಕೈಕೊಟ್ಟ ವರ್ಷ ಎಳೆಯ ಜೋಡಿಗಳು ಗೋವಾ, ಮಂಗಳೂರು, ಬೆಂಗಳೂರುಗಳ ಕಟ್ಟಡದ ಕೆಲಸಕ್ಕೆ ಬಸ್ಸು ಹತ್ತುತ್ತವೆ. ಮಕ್ಕಳು ಊರಲ್ಲಿ ಅಜ್ಜ ಅಜ್ಜಿಯರ ಹತ್ತಿರ ಉಳಿಯುತ್ತವೆ.

ಇದೂ ಬೇರೆ ಒಲೆಯೇ. ಆದರೆ ಸುಂದರನನ್ನು ಅಟ್ಟಿದಂತೆ ಇವರನ್ನು ಯಾರೂ ಅಟ್ಟಿಲ್ಲ. ಹೊಲ ಮನೆ ಇದ್ದರೂ ಅಜ್ಜನ ಹತ್ತಿರ ಕೊಡಲು ದುಡ್ಡಿಲ್ಲ, ಅಷ್ಟೇ. ಊರಿಗೆ ಮರಳದ ತಿಂಗಳುಗಳಲ್ಲಿ ಮಗ ಸೊಸೆಯ ದುಡಿಮೆಯ ಒಂದು ಪಾಲು ಮೊಬೈಲಿನ ಮೂಲಕ ಅಜ್ಜನ ಖಾತೆಗೆ ಬರುತ್ತದೆ. ಆ ದುಡ್ಡಿನಲ್ಲಿ ಮೊಮ್ಮಕ್ಕಳ ಪಾಟಿಚೀಲ, ಅಂಗಡಿಯ ಉದ್ರಿ, ಅಜ್ಜಿಯ ಗುಳಿಗೆ. ದುಡಿಯುವವರ ಒಲೆ ಊರಿಂದೂರಿಗೆ ಹೋಗುತ್ತದೆ. ಲೆಕ್ಕ ಮಾತ್ರ ಇನ್ನೂ ಹಳೆಯ ಮನೆಯ ಪಡಸಾಲೆಯಲ್ಲೇ ನಡೆಯುತ್ತದೆ.